ಮುಟ್ಟು ನಿಲ್ಲುವ ಕಾಲದ ಕಾವು: ಒಂದು ಶಬ್ದವಿಮರ್ಶೆ

೧

ಹೆಣ್ಣಿನ ಬಾಳಿನ ಹಂತಗಳಿಗೆ ಕನ್ನಡವು ಕೊಟ್ಟಿರುವ ಹೆಸರುಗಳನ್ನು ಒಂದೆಡೆ ಜೋಡಿಸಿ ನೋಡಿದರೆ, ಆ ಸಾಲಿನ ಮೊದಲ ಭಾಗ ಎಷ್ಟು ಸಮೃದ್ಧವೋ ಕೊನೆಯ ಭಾಗ ಅಷ್ಟೇ ಬಡವೆಂಬುದು ತಿಳಿಯುತ್ತದೆ. ಮೈನೆರೆಯುವುದು, ದೊಡ್ಡವಳಾಗುವುದು, ಋತುಮತಿಯಾಗುವುದು ಎಂದು ಆರಂಭಕ್ಕೆ ಹಲವು ಮಾತುಗಳುಂಟು. ತಿಂಗಳು ತಿಂಗಳೂ ಬರುವುದಕ್ಕೆ ಮುಟ್ಟು, ಹೊರಗಾಗುವುದು, ದೂರ ಕೂರುವುದು, ರಜಸ್ಸು ಎಂದು ಮನೆಯ ಮಾತೂ ಶಾಸ್ತ್ರದ ಮಾತೂ ಬೇರೆಬೇರೆಯಾಗಿ ಬೆಳೆದಿವೆ. ಬಸಿರು, ಬಯಕೆ, ಹೆರಿಗೆ, ಬಾಣಂತನಗಳಿಗೆ ಇರುವ ಶಬ್ದಸಂಪತ್ತನ್ನು ವಿವರಿಸಬೇಕಾದ್ದೇ ಇಲ್ಲ. ಇವೆಲ್ಲ ಮುಗಿಯುವ ಕಾಲಕ್ಕೆ ಬಂದಾಗ ಆಡುಮಾತಿನಲ್ಲಿ ಉಳಿಯುವುದು ‘ಮುಟ್ಟು ನಿಂತಿತು’ ಎಂಬ ಒಂದು ವಾಕ್ಯ. ಗ್ರಂಥಭಾಷೆಯಲ್ಲಿ ಋತುಬಂಧ, ಋತುನಿವೃತ್ತಿ, ರಜೋನಿವೃತ್ತಿ ಎಂಬ ಮೂರು ಸಮಾಸಗಳು. ಇವು ನಾಲ್ಕೂ ಏನೋ ಒಂದು ಇಲ್ಲವಾಯಿತೆಂದು ಹೇಳುತ್ತವೆಯೇ ಹೊರತು, ಆ ಕಾಲದಲ್ಲಿ ಹೊಸದಾಗಿ ಏನು ಬಂದಿತೆಂಬುದನ್ನು ಹೇಳುವುದಿಲ್ಲ.

ಹೊಸದಾಗಿ ಬರುವುದು ಕಾವು. ಎದೆಯಿಂದ ಎದ್ದು ಕುತ್ತಿಗೆ, ಮುಖಗಳಿಗೆ ಹಬ್ಬಿ, ಕೆಲವು ನಿಮಿಷ ಸುಟ್ಟು, ಬೆವರಾಗಿ ಹರಿದು, ಕೊನೆಗೆ ಚಳಿಯಲ್ಲಿ ಮುಗಿಯುವ ಈ ಅನುಭವಕ್ಕೆ ಕನ್ನಡದಲ್ಲಿ ನೆಲೆಗೊಂಡ ಹೆಸರಿಲ್ಲ. ಇತ್ತೀಚಿನ ಆರೋಗ್ಯಲೇಖನಗಳಲ್ಲಿ ಕೆಲವರು ಇಂಗ್ಲಿಷ್ ಮಾತನ್ನೇ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ಕೆಲವರು ‘ಬಿಸಿ ಹೊಳಪು’ ಎಂದು ಪದಕ್ಕೆ ಪದವಿಟ್ಟು ತರುತ್ತಾರೆ. ಮೊದಲನೆಯದನ್ನು ಓದಿದವಳಿಗೆ ಅದು ತನ್ನ ಅನುಭವವೆಂದು ಹೊಳೆಯುವುದಿಲ್ಲ. ಎರಡನೆಯದನ್ನು ಯಾವ ಹೆಂಗಸೂ ತನ್ನ ಬಾಯಿಯಿಂದ ಆಡಲಾರಳು.

ಇದು ಬರಿಯ ಪರಿಭಾಷೆಯ ತೊಡಕಲ್ಲ. ಹೆಸರಿಲ್ಲದ ಬಾಧೆಯು ಬೇರೊಂದರ ಹೆಸರನ್ನು ಸಾಲವಾಗಿ ಪಡೆಯುತ್ತದೆ. ಸಾಲದ ಹೆಸರಿನೊಡನೆ ಸಾಲದ ಮದ್ದೂ ಬರುತ್ತದೆ. ಈ ಮಾತನ್ನು ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಭಾಷೆ ಮತ್ತು ಸಾಹಿತ್ಯವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಬರಹದ ಉದ್ದೇಶ. ಈ ಮೂರನ್ನು ಆರಿಸಿಕೊಂಡುದಕ್ಕೆ ಎರಡು ಕಾರಣಗಳಿವೆ. ನೇತ್ರಾವತಿಯ ದಂಡೆಯಿಂದ ಘಟ್ಟದ ಬುಡದವರೆಗಿನ ಈ ನೆಲದಲ್ಲಿ ಸೆಕೆಯೆಂಬುದು ಎಲ್ಲರ ದಿನನಿತ್ಯದ ಮಾತಾಗಿರುವುದರಿಂದ ಒಬ್ಬಳ ಮೈಯ ಕಾವು ಊರಿನ ಹವೆಯಲ್ಲಿ ಮರೆಯಾಗುವುದು ಸುಲಭ. ಮತ್ತೆ, ಹೆಣ್ಣಿನ ಮೈಯನ್ನು ಕುರಿತು ಕಾವ್ಯ, ಪಾಡ್ದನ, ಆಚರಣೆಗಳಲ್ಲಿ ಇಷ್ಟು ಹೇಳಿದ ಪ್ರದೇಶ ಕನ್ನಡನಾಡಿನಲ್ಲಿ ವಿರಳ. ಇಷ್ಟು ಹೇಳಿದ ಕಡೆಯಲ್ಲಿಯೂ ಇದೊಂದನ್ನು ಹೇಳದೆ ಬಿಟ್ಟಿದ್ದರೆ, ಆ ಮೌನ ವಿಚಾರಾರ್ಹವಾದುದು.

೨

ಮೊದಲು ವಸ್ತುಸ್ಥಿತಿಯನ್ನು ತಿಳಿದುಕೊಳ್ಳಬೇಕು. ಮೈಯ ಒಳಗಿನ ಶಾಖವು ಸುಮಾರು ೩೭ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುವಂತೆ ಮೆದುಳಿನ ತಳಭಾಗದ ಹೈಪೋಥಲಾಮಸ್ ಎಂಬ ಅಂಗ ನೋಡಿಕೊಳ್ಳುತ್ತದೆ. ಶಾಖ ಒಂದು ಮಿತಿಯನ್ನು ಮೀರಿದರೆ ಬೆವರು ಬರಿಸುತ್ತದೆ; ಇನ್ನೊಂದು ಮಿತಿಗಿಂತ ಇಳಿದರೆ ನಡುಕ ಹುಟ್ಟಿಸುತ್ತದೆ. ಈ ಎರಡು ಮಿತಿಗಳ ನಡುವಿನ ಎಡೆಯಲ್ಲಿ ಮೈಯು ಸುಮ್ಮನಿರುತ್ತದೆ. ಅಮೆರಿಕದ ರಾಬರ್ಟ್ ಫ್ರೀಡ್‌ಮನ್ ಅವರು ೧೯೯೯ರಲ್ಲಿ ಪ್ರಕಟಿಸಿದ ಪ್ರಯೋಗದಂತೆ, ಮುಟ್ಟು ನಿಂತರೂ ಕಾವಿನ ಬಾಧೆ ಇಲ್ಲದ ಹೆಂಗಸರಲ್ಲಿ ಈ ಎಡೆ ಸುಮಾರು ೦.೪ ಡಿಗ್ರಿ ಇದ್ದಿತು. ಬಾಧೆಯುಳ್ಳವರಲ್ಲಿ ಅದು ಇಲ್ಲವೆನ್ನುವಷ್ಟು ಕಿರಿದಾಗಿತ್ತು. ಎಂದರೆ, ಒಲೆಯ ಬಳಿ ಒಂದು ಗಳಿಗೆ ನಿಂತುದು, ಒಂದು ಲೋಟ ಬಿಸಿ ಕಾಫಿ, ಸ್ವಲ್ಪ ಉದ್ವೇಗ ಇಷ್ಟೇ ಸಾಕು. ಮೈಯು ಅತಿಯಾದ ಶಾಖವುಂಟಾಯಿತೆಂದು ತಪ್ಪಾಗಿ ಎಣಿಸಿ ಅದನ್ನು ಹೊರಹಾಕಲು ತೊಡಗುತ್ತದೆ.

ಹಾಗೆ ಹೊರಹಾಕುವ ಕ್ರಿಯೆಯೇ ಈ ಕಾವು. ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಮುಖ ಕೆಂಪೇರುತ್ತದೆ, ಬೆರಳುಗಳ ಚರ್ಮ ಬಿಸಿಯಾಗುತ್ತದೆ, ಎದೆಬಡಿತ ಹೆಚ್ಚುತ್ತದೆ, ಬೆವರು ಹರಿಯುತ್ತದೆ. ಶಾಖ ಹೀಗೆ ಸೋರಿಹೋದ ಮೇಲೆ ಒಳಮೈಯ ಉಷ್ಣತೆ ತುಸು ಇಳಿದು ಚಳಿಯಾಗುತ್ತದೆ. ಆದುದರಿಂದ ಸುಡುತ್ತಿದೆಯೆಂದು ಹೇಳುವವಳ ನಾಲಗೆಯಡಿ ಜ್ವರಮಾಪಕವಿಟ್ಟರೆ ಅದು ಜ್ವರವನ್ನು ತೋರಿಸುವುದಿಲ್ಲ. ಮಾಪಕವೂ ಸುಳ್ಳಲ್ಲ, ಅವಳ ಮಾತೂ ಸುಳ್ಳಲ್ಲ: ಒಂದು ಒಳಮೈಯ ಲೆಕ್ಕ, ಇನ್ನೊಂದು ಹೊರಮೈಯ ಲೆಕ್ಕ.

ಇದಕ್ಕೆಲ್ಲ ಮೂಲ ಅಂಡಾಶಯದಲ್ಲಿ ಈಸ್ಟ್ರೊಜೆನ್ ಎಂಬ ರಸ ಕಡಿಮೆಯಾಗುವುದು. ಈ ರಸದ ಹತೋಟಿ ತಪ್ಪಿದಾಗ ಹೈಪೋಥಲಾಮಸ್‌ನ ಕೆಲವು ನರಕೋಶಗಳು ಉದ್ರೇಕಗೊಂಡು, ನ್ಯೂರೋಕೈನಿನ್ ಬಿ ಎಂಬ ದ್ರವ್ಯದ ಮೂಲಕ ಶಾಖದ ನಿಯಂತ್ರಣವನ್ನು ಕದಡುತ್ತವೆಂದು ಈಚಿನ ದಶಕಗಳಲ್ಲಿ ತಿಳಿದುಬಂದಿದೆ. ಅಂಡಾಶಯಗಳನ್ನು ಶಸ್ತ್ರಕ್ರಿಯೆಯಿಂದ ತೆಗೆದಲ್ಲಿ ಈ ಬದಲಾವಣೆ ಒಮ್ಮೆಲೇ ಆಗುವುದರಿಂದ ಬಾಧೆ ಹೆಚ್ಚು ತೀವ್ರ. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದಾಗ ನಿವೃತ್ತಿಯಾಯಿತೆಂದು ವೈದ್ಯರ ಗಣನೆ. ಭಾರತದ ಹೆಂಗಸರಲ್ಲಿ ಇದು ಸರಾಸರಿ ೪೬–೪೭ರ ಪ್ರಾಯದಲ್ಲಿ, ಪಾಶ್ಚಾತ್ಯರಲ್ಲಿ ೫೧ರ ಸುಮಾರಿನಲ್ಲಿ ಆಗುತ್ತದೆ. ಕಾವು ಮಾತ್ರ ಅದಕ್ಕೆ ಮೊದಲೇ ತೊಡಗಬಹುದು. ಅಮೆರಿಕದಲ್ಲಿ ನಡೆದ ದೀರ್ಘಕಾಲದ ಅಧ್ಯಯನವೊಂದು ೨೦೧೫ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮೇಲಿಂದ ಮೇಲೆ ಕಾವು ಬರುತ್ತಿದ್ದವರಲ್ಲಿ ಅದು ಉಳಿದ ಅವಧಿಯ ಮಧ್ಯಮಾಂಕ ೭.೪ ವರ್ಷ. ಏಳು ವರ್ಷಗಳ ಅನುಭವಕ್ಕೆ ಹೆಸರಿಲ್ಲವೆಂಬುದು ಯಾವ ಭಾಷೆಗೂ ಸಣ್ಣ ಕೊರತೆಯಲ್ಲ.

ಇಲ್ಲಿ ಕರಾವಳಿಯ ಹವೆಯ ಮಾತನ್ನೂ ಸೇರಿಸಬೇಕು. ಬೆವರು ಮೈಯನ್ನು ತಂಪಾಗಿಸುವುದು ಅದು ಆವಿಯಾದಾಗ ಮಾತ್ರ. ಗಾಳಿಯಲ್ಲಿ ನೀರಿನ ಪಸೆ ತುಂಬಿರುವ ಕಡೆ ಬೆವರು ಮೈಮೇಲೆಯೇ ನಿಲ್ಲುತ್ತದೆ. ಕಾವು ಬೇಗನೆ ಇಳಿಯದು. ಸುತ್ತಲಿನ ಶಾಖ ಹೆಚ್ಚಿದಂತೆ ಈ ಬಾಧೆಯೂ ಹೆಚ್ಚುತ್ತದೆಂಬುದು ಪ್ರಯೋಗಗಳಲ್ಲಿ ಕಂಡ ಸಂಗತಿ. ಮಳೆ ಹಿಡಿಯುವುದಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳ ಮೂಡುಬಿದಿರೆ, ಬಂಟವಾಳಗಳನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ತಾಲೂಕುಗಳಲ್ಲಿ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರ ಸಂಖ್ಯೆ ದೊಡ್ಡದು. ಹೊಗೆಸೊಪ್ಪಿನ ಹುಡಿ ಹಾರೀತೆಂದು ಗಾಳಿಗೆ ಅಂಜುವ ಕೆಲಸವದು. ಅಡುಗೆಮನೆಯ ಒಲೆ, ಗೇರುಬೀಜದ ಕಾರ್ಖಾನೆ, ಅಡಕೆ ಸುಲಿಯುವ ಅಂಗಳ ಇವುಗಳಲ್ಲಿಯೂ ಎದ್ದು ತಂಪಿಗೆ ಹೋಗುವ ಸ್ವಾತಂತ್ರ್ಯ ಕಡಿಮೆ.

೩

ಈ ಅನುಭವಕ್ಕೆ ಇಲ್ಲಿನ ಮಾತು ಸಾಲ ಕೊಟ್ಟಿರುವ ಹೆಸರುಗಳನ್ನು ಈಗ ಒಂದೊಂದಾಗಿ ನೋಡಬಹುದು.

ಮೊದಲನೆಯದು ‘ಸೆಕೆ’. ಇದು ಹವೆಯ ಮಾತು. ‘ಸೆಕೆಯಾಗುತ್ತದೆ’ ಎಂದರೆ ಕೇಳಿದವರು ‘ಹೌದು, ಈ ವರ್ಷ ಹೆಚ್ಚು’ ಎಂದು ಒಪ್ಪಿಕೊಂಡು ಬೇರೆ ಮಾತಿಗೆ ಹೋಗುತ್ತಾರೆ. ಇಬ್ಬರ ಮೈಗೂ ಒಂದೇ ಗಾಳಿ ತಗಲುತ್ತಿರುವಾಗ ಒಬ್ಬಳಿಗೆ ಮಾತ್ರ ಆಗುವುದನ್ನು ಸೂಚಿಸುವ ಶಕ್ತಿ ಈ ಶಬ್ದಕ್ಕಿಲ್ಲ. ಹೊರಗಿನಿಂದ ಬರುವುದನ್ನು ಅದು ಹೇಳುತ್ತದೆ. ಇದು ಒಳಗಿನಿಂದ ಏಳುವಂಥದು.

ಎರಡನೆಯದು ‘ಉಷ್ಣ’. ‘ಉಷ್ಣವಾಗಿದೆ’ ಎಂಬುದು ಈ ಸೀಮೆಯಲ್ಲಿ ಬಾಯಿಹುಣ್ಣಿನಿಂದ ಕಣ್ಣುರಿಯವರೆಗೆ ಎಲ್ಲಕ್ಕೂ ಸಲ್ಲುವ ವಿವರಣೆ. ಇದರ ಹಿಂದೆ ಆಹಾರವನ್ನು ಉಷ್ಣ, ತಂಪು ಎಂದು ವಿಂಗಡಿಸುವ ಒಂದು ಪೂರ್ಣವಾದ ಎಣಿಕೆಯಿದೆ. ಹಲಸು, ಹುರುಳಿ ಬಿಡಬೇಕು. ಎಳನೀರು, ಪುನರ್ಪುಳಿಯ ಪಾನಕ, ಒಂದೆಲಗದ ತಂಬುಳಿ, ಲಾವಂಚ ಹಾಕಿದ ನೀರು ಕುಡಿಯಬೇಕು. ಈ ಉಪಚಾರಗಳಲ್ಲಿ ಕೆಡುಕೇನೂ ಇಲ್ಲ. ಬೆವರಿ ಬಳಲಿದವಳಿಗೆ ಅವು ಹಿತವನ್ನೇ ಮಾಡುತ್ತವೆ. ಶಬ್ದದ ದೋಷ ಬೇರೆ ಕಡೆಯಿದೆ. ‘ಉಷ್ಣ’ವು ಒಂದು ಸ್ಥಿತಿಯನ್ನು ಹೇಳುತ್ತದೆ, ನಮ್ಮ ವಿಷಯವಾದುದು ಒಂದು ಘಟನೆ. ಇದ್ದಕ್ಕಿದ್ದಂತೆ ಬಂದು, ನಾಲ್ಕೈದು ನಿಮಿಷದಲ್ಲಿ ಹೋಗಿ, ರಾತ್ರಿ ಮತ್ತೆ ಬರುವ ಗುಣವನ್ನು ಅದು ಹಿಡಿಯಲಾರದು. ಅದಕ್ಕಿಂತ ಮುಖ್ಯವಾಗಿ, ಉಷ್ಣವೆಂದೊಡನೆ ಕಾರಣವು ತಿಂದ ಪದಾರ್ಥಕ್ಕೆ ಹೋಗುತ್ತದೆ. ಪಥ್ಯ ಮಾಡಿದರೂ ನಿಲ್ಲದಾಗ ಪಥ್ಯ ತಪ್ಪಿರಬೇಕೆಂಬ ದೂರು ಹೆಂಗಸಿನ ಮೇಲೆಯೇ ಬರುತ್ತದೆ.

ಶಾಸ್ತ್ರದ ದೃಷ್ಟಿಯೂ ಇಲ್ಲಿ ಗಮನಾರ್ಹವಾದುದು. ಸುಶ್ರುತಸಂಹಿತೆಯು ರಜಸ್ಸು ಹನ್ನೆರಡನೆಯ ವರ್ಷದಲ್ಲಿ ತೊಡಗಿ ಐವತ್ತರಲ್ಲಿ ಕ್ಷಯವಾಗುವುದೆಂದು ಮಿತಿಯನ್ನು ಹೇಳಿದೆ. ಆದರೆ ಆ ಸಂಧಿಕಾಲದ ಬಾಧೆಯನ್ನು ಪ್ರತ್ಯೇಕ ವ್ಯಾಧಿಯಾಗಿ ಹೆಸರಿಸಿಲ್ಲ. ಆಯುರ್ವೇದದ ವಯೋವಿಭಾಗದಂತೆ ನಡುಪ್ರಾಯ ಪಿತ್ತದ್ದು, ಮುಪ್ಪು ವಾತದ್ದು. ಪಿತ್ತ ಉಷ್ಣ, ವಾತ ಶೀತ. ಹಾಗಾದರೆ ಈ ಕಾವು ಹೋಗುತ್ತಿರುವ ಪಿತ್ತದ್ದೋ ಬರುತ್ತಿರುವ ವಾತದ್ದೋ ಎಂಬ ಪ್ರಶ್ನೆಗೆ ಎಡೆಯುಂಟು. ಕಾವಿನ ಹಿಂದೆಯೇ ಬರುವ ಚಳಿಯನ್ನು ನೆನೆದರೆ ಈ ಪ್ರಶ್ನೆ ಇನ್ನೂ ಸ್ವಾರಸ್ಯಕರವಾಗುತ್ತದೆ. ಆಡುಮಾತಿನ ‘ಉಷ್ಣ’ವು ಶಾಸ್ತ್ರದ ಈ ಸೂಕ್ಷ್ಮವನ್ನು ಕಳೆದುಕೊಂಡು ಒಂದೇ ತುದಿಯನ್ನು ಹಿಡಿದಿದೆ.

ಮೂರನೆಯದು ‘ಜ್ವರ’, ಅದರಲ್ಲಿಯೂ ‘ಚಳಿಜ್ವರ’. ಮಲೇರಿಯವನ್ನು ಕಂಡುಂಡ ಜಿಲ್ಲೆಯಲ್ಲಿ ಚಳಿ, ಕಾವು, ಬೆವರು ಒಟ್ಟಿಗೆ ಬಂದಾಗ ಈ ಹೆಸರು ನಾಲಗೆಗೆ ಬರುವುದು ಸಹಜ. ಆದರೆ ಕ್ರಮವನ್ನು ಗಮನಿಸಬೇಕು: ಮಲೇರಿಯದಲ್ಲಿ ಮೊದಲು ಚಳಿ, ಅನಂತರ ಕಾವು, ಕೊನೆಗೆ ಬೆವರು, ಇಲ್ಲಿ ಮೊದಲು ಕಾವು, ಅನಂತರ ಬೆವರು, ಕೊನೆಗೆ ಚಳಿ. ಒಂದು ಗಂಟೆಗಟ್ಟಲೆ ಕಾಡುತ್ತದೆ. ಇನ್ನೊಂದು ನಿಮಿಷಗಳಲ್ಲಿ ಮುಗಿಯುತ್ತದೆ. ಹೆಸರು ತಪ್ಪಿದರೆ ಅಪಾಯ ಎರಡು ಕಡೆಗೂ ಉಂಟು. ಸಂಜೆಯ ಜ್ವರ, ರಾತ್ರಿಯ ಬೆವರು, ಮೈ ಇಳಿಯುವುದು ಇವು ಕ್ಷಯದ ಗುರುತಾಗಿರಬಹುದು. ಥೈರಾಯ್ಡ್ ಗ್ರಂಥಿಯ ದೋಷದಲ್ಲಿಯೂ ಸೆಕೆ ತಡೆಯಲಾಗದು. ಇವನ್ನು ‘ಪ್ರಾಯದ್ದು’ ಎಂದು ತಳ್ಳಿಹಾಕುವುದು, ಪ್ರಾಯದ್ದನ್ನು ಜ್ವರವೆಂದು ಮಾತ್ರೆ ನುಂಗುವುದು, ಎರಡೂ ಹೆಸರಿನ ಗೊಂದಲದ ಫಲಗಳೇ.

ನಾಲ್ಕನೆಯದು ‘ಉರಿ’. ತೀವ್ರತೆಯನ್ನು ಇದು ಚೆನ್ನಾಗಿ ಹೇಳುತ್ತದೆ. ಆದರೆ ಕನ್ನಡದಲ್ಲಿ ಉರಿಯು ಕಣ್ಣುರಿ, ಎದೆಯುರಿ, ಉರಿಮೂತ್ರ ಎಂದು ಒಂದು ಅಂಗವನ್ನು ಹಿಡಿದು ನಿಲ್ಲುತ್ತದೆ. ಹೊಟ್ಟೆಯುರಿಯಂತೆ ಮನಸ್ಸಿನ ಕೇಡನ್ನೂ ಸೂಚಿಸುತ್ತದೆ. ‘ಅವಳಿಗೆ ಈಚೆಗೆ ಉರಿ ಹೆಚ್ಚು’ ಎಂದರೆ ಮೈಯ ಮಾತು ಸ್ವಭಾವದ ಮಾತಾಗಿ ತಿರುಗಿಬಿಡುತ್ತದೆ. ನಿದ್ದೆಗೆಟ್ಟವಳ ಬೇಸರವನ್ನು ಮುಂಗೋಪವೆಂದು ಓದುವ ಮನೆಗಳಲ್ಲಿ ಈ ತಿರುವು ಕ್ರೂರವಾದುದು.

೪

ಮಾತು ಹೀಗಿದ್ದರೆ ಸಾಹಿತ್ಯವೇನು ಮಾಡಿದೆ? ಮೂರು ಊರುಗಳಿಂದ ಮೂರು ನಿದರ್ಶನಗಳನ್ನು ತೆಗೆದುಕೊಳ್ಳಬಹುದು.

೧೪೩೦ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಊರಾದ ಮೂಡುಬಿದಿರೆಯ ಕವಿ ರತ್ನಾಕರವರ್ಣಿ. ೧೬ನೆಯ ಶತಮಾನದ ಈ ಕವಿಯ ‘ಭರತೇಶವೈಭವ’ವು ಭೋಗಯೋಗಗಳ ಸಮನ್ವಯಕ್ಕೆ ಹೆಸರಾದ ಸಾಂಗತ್ಯಕಾವ್ಯ. ಅದರಲ್ಲಿ ಹೆಣ್ಣು ತರುಣಿಯಾಗಿ ವರ್ಣಿತಳಾಗುತ್ತಾಳೆ ಅಥವಾ ತಾಯಿಯಾಗಿ ಪೂಜ್ಯಳಾಗುತ್ತಾಳೆ. ಭೋಗದಿಂದ ವಿರಕ್ತಿಗೆ ಹೋಗುವ ದಾರಿಯನ್ನು ಅಷ್ಟು ಸಾವಧಾನವಾಗಿ ನೋಡಿದ ಕವಿಯೂ, ಹೆಣ್ಣಿನ ಮೈಯು ತಾನಾಗಿಯೇ ಒಂದರಿಂದ ಇನ್ನೊಂದಕ್ಕೆ ದಾಟುವ ಆ ನಡುಹೊತ್ತನ್ನು ಕಾವ್ಯವಸ್ತುವಾಗಿ ಎಣಿಸಲಿಲ್ಲ. ಇದು ರತ್ನಾಕರನೊಬ್ಬನ ಕೊರತೆಯಲ್ಲ. ನಮ್ಮ ಕಾವ್ಯಪರಂಪರೆಯಲ್ಲಿ ಆ ಪ್ರಾಯಕ್ಕೆ ವರ್ಣನೆಯ ಅಂಗವೆಂಬ ಸ್ಥಾನವೇ ಒದಗಲಿಲ್ಲ.

ಬೆಳ್ತಂಗಡಿ ತಾಲೂಕಿನ ನಿದರ್ಶನ ಇನ್ನೂ ಮುಖ್ಯವಾದುದು. ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ ೧೯೯೦ರ ಡಿಸೆಂಬರಿನಲ್ಲಿ ದಾಖಲಿಸಿದರು. ೧೯೯೮ರಲ್ಲಿ ಅದು ೧೫,೬೮೩ ಸಾಲುಗಳ ಮಹಾಕಾವ್ಯವಾಗಿ ಅಚ್ಚಾಯಿತು. ಹೆಣ್ಣಿನ ಕಡೆಯಿಂದ ಕಥೆಯನ್ನು ನೋಡುವ ಈ ಕಾವ್ಯದಲ್ಲಿ ಮೈನೆರೆಯುವುದು, ಮದುವೆ, ಬಯಕೆಯ ಸೀರೆ, ಹೆರಿಗೆ, ಗಂಡನನ್ನು ಬಿಡುವುದು ಇವು ಬರಿಯ ವಿವರಗಳಲ್ಲ, ಕಥೆ ತಿರುಗುವ ಕೀಲುಗಳು. ಬಯಕೆಯ ಸೀರೆಯನ್ನು ಮೊದಲು ಸೂಳೆಯೊಬ್ಬಳು ಉಟ್ಟುಬಿಟ್ಟಳೆಂಬುದರಿಂದ ದಾಂಪತ್ಯವೇ ಒಡೆಯುವಷ್ಟು ಗರ್ಭಿಣಿಯ ಮಾನಕ್ಕೆ ಇಲ್ಲಿ ಬೆಲೆಯುಂಟು. ಹೀಗಿದ್ದೂ ಮೈಯ ಕಥೆ ಹೆರಿಗೆಯಿಂದ ಮುಂದಿನ ತಲೆಮಾರಿಗೆ ನೆಗೆಯುತ್ತದೆ. ಸಿರಿಯಿಂದ ಸೊನ್ನೆ ಗಿಂಡೆಯರಿಗೆ, ಅವರಿಂದ ಅಬ್ಬಗ ದಾರಗರಿಗೆ ಕಥೆ ಹರಿಯುವುದೇ ಹೊರತು ಒಬ್ಬಳಲ್ಲಿಯೇ ನಿಂತು ಮಾಗುವುದಿಲ್ಲ.

ಇದರೊಡನೆ ತುಳುನಾಡಿನ ಕೆಡ್ಡಸವನ್ನು ನೆನೆಯಬೇಕು. ಮಕರಮಾಸದ ಕೊನೆಯಲ್ಲಿ ಭೂಮಿದೇವಿಯು ಮುಟ್ಟಾಗುವಳೆಂದು ನಂಬಿ ಮೂರು ದಿನ ಉಳುವುದನ್ನೂ ಅಗೆಯುವುದನ್ನೂ ನಿಲ್ಲಿಸಿ, ಅನಂತರ ಎಣ್ಣೆ, ಅರಸಿನ ಒಪ್ಪಿಸಿ ಅವಳ ಮೀಹವನ್ನು ಆಚರಿಸುವ ಈ ಹಬ್ಬವು ಮುಟ್ಟನ್ನು ಮೈಲಿಗೆಯಾಗಿ ಅಲ್ಲ, ಫಲವಂತಿಕೆಯಾಗಿ ಕಾಣುತ್ತದೆ. ಅದರ ಔನ್ನತ್ಯವನ್ನು ಒಪ್ಪಿಕೊಂಡೇ ಒಂದು ಮಾತು ಹೇಳಬೇಕಾಗಿದೆ. ಭೂಮಿಗೆ ವರ್ಷ ವರ್ಷವೂ ಮುಟ್ಟುಂಟು. ಅದು ಎಂದಿಗೂ ನಿಲ್ಲುವುದಿಲ್ಲ. ಹೆಣ್ಣಿಗೆ ಆದರ್ಶವಾಗಿ ಭೂಮಿಯನ್ನಿಟ್ಟ ಸಂಸ್ಕೃತಿಯಲ್ಲಿ ಮುಟ್ಟು ನಿಂತ ಹೆಣ್ಣಿಗೆ ಹೋಲಿಕೆಯೇ ಇಲ್ಲವಾಯಿತು.

ಬಂಟವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು (೧೮೭೪–೧೯೩೭) ಹೊಸಗನ್ನಡದ ಸಣ್ಣಕತೆಯ ಮೊದಲಿಗರಲ್ಲೊಬ್ಬರು. ಅವರ ಆರಂಭದ ಕತೆಗಳ ಹೆಸರುಗಳು ‘ನನ್ನ ಚಿಕ್ಕತಾಯಿ’, ‘ನನ್ನ ಹೆಂಡತಿ’. ಹೆಣ್ಣು ಇಲ್ಲಿ ನಂಟಿನಿಂದ ಗುರುತಾಗುತ್ತಾಳೆ. ಮಗುವಿಗಾಗಿ ಅವರು ಬರೆದುದಂತೂ ಕನ್ನಡದ ಆಸ್ತಿ. ಹೊಸಗನ್ನಡವು ಬಾಲ್ಯಕ್ಕೆ ಭಾಷೆಯನ್ನು ಕಟ್ಟಿಕೊಟ್ಟ ಆ ಕಾಲದಲ್ಲಿ ಚಿಕ್ಕತಾಯಿಯ ನಡುಪ್ರಾಯಕ್ಕೆ ಅಂಥ ಭಾಷೆ ಬೇಕೆಂಬ ಎಚ್ಚರ ಯಾರಿಗೂ ಇರಲಿಲ್ಲ.

ಮುಂದೆ ಇದೇ ಜಿಲ್ಲೆಯ ಪುತ್ತೂರಿನಲ್ಲಿ ಬಾಳಿದ ಶಿವರಾಮ ಕಾರಂತರು ೧೯೬೮ರಲ್ಲಿ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯನ್ನು ಕೊಟ್ಟರು. ೧೯೭೭ರ ಜ್ಞಾನಪೀಠ ಪ್ರಶಸ್ತಿ ಅದಕ್ಕೆ ಸಂದಿತು. ಕಾಮವನ್ನೂ ದೇವರನ್ನೂ ಒಂದೇ ನಿರ್ಭೀತಿಯಿಂದ ನುಡಿಯುವ ಮೂಕಜ್ಜಿ ನಮ್ಮ ಸಾಹಿತ್ಯದ ದೊಡ್ಡ ಪಾತ್ರ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (೧೯೭೬) ಇನ್ನೊಂದು. ಇಬ್ಬರೂ ಬಾಲವಿಧವೆಯರು, ಇಬ್ಬರೂ ಮುಪ್ಪಿನಲ್ಲಿ ವಿವೇಕದ ಮೂರ್ತಿಗಳು. ಹುಡುಗಿಯ ದುಃಖವನ್ನೂ ಅಜ್ಜಿಯ ಅರಿವನ್ನೂ ನಾವು ಕಾಣುತ್ತೇವೆ. ಹುಡುಗಿಯು ಅಜ್ಜಿಯಾದ ದಾರಿಯಲ್ಲಿ ಮೈಯು ಪಟ್ಟ ಪಾಡು ಕತೆಯ ವಸ್ತುವಾಗುವುದಿಲ್ಲ. ಮುಪ್ಪಿನ ಹೆಣ್ಣು ಸತ್ಯವನ್ನು ಹೇಳಬಲ್ಲಳು, ಏಕೆಂದರೆ ಅವಳು ಮೈಯನ್ನು ದಾಟಿದವಳು ಎಂಬುದು ಇಲ್ಲಿನ ಅಂತರ್ಗತ ನಂಬಿಕೆ. ದಾಟುವಾಗ ಸುಟ್ಟಿತೇ ಎಂದು ಕೇಳಿದವರಿಲ್ಲ.

ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ (೧೯೩೪–೧೯೯೧) ಅವರನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು. ‘ಕೇಳು ಕಿಶೋರಿ’, ‘ದಾಂಪತ್ಯ ದೀಪಿಕೆ’, ‘ತಾಯಿ ಮಗು’ ಎಂಬಂಥ ಹೊತ್ತಗೆಗಳಿಂದ ಹೆಣ್ಣಿನ ಮೈಯನ್ನು ನಾಚಿಕೆಯಿಲ್ಲದ, ಆದರೆ ಗೌರವವುಳ್ಳ ಕನ್ನಡಕ್ಕೆ ತಂದವರು ಅವರು. ಶೀರ್ಷಿಕೆಗಳ ಸಾಲಿನಲ್ಲಿಯೇ ಒಂದು ಜೀವನಕ್ರಮವಿದೆ: ಕಿಶೋರಿ, ಹೆಂಡತಿ, ತಾಯಿ. ಓದುಗರ ಬೇಡಿಕೆ ಎಲ್ಲಿಯವರೆಗೆ ಇದ್ದಿತೆಂಬುದನ್ನೂ ಈ ಸಾಲು ತೋರಿಸುತ್ತದೆ. ಆ ಕ್ರಮವನ್ನು ಮುಂದುವರಿಸುವುದು ಅನಂತರದವರ ಹೊಣೆ.

೫

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಹೆಸರಿಲ್ಲವೆಂದರೆ ಬಾಧೆಯೇ ಇರಲಿಲ್ಲವೆಂದೇಕೆ ತಿಳಿಯಬಾರದು? ಈ ಪ್ರಶ್ನೆ ಹಗುರವಾದುದಲ್ಲ. ಇದಕ್ಕೆ ಆಧಾರಗಳೂ ಉಂಟು. ಮಾರ್ಷಾ ಫ್ಲಿಂಟ್ ಎಂಬ ಮಾನವಶಾಸ್ತ್ರಜ್ಞೆ ೧೯೭೫ರಲ್ಲಿ, ರಾಜಸ್ಥಾನ ಮತ್ತು ಹಿಮಾಚಲಪ್ರದೇಶಗಳ ೪೮೩ ರಜಪೂತ ಹೆಂಗಸರನ್ನು ಕುರಿತು ಬರೆಯುತ್ತ, ಅವರಲ್ಲಿ ಮುಟ್ಟು ನಿಲ್ಲುವ ಕಾಲದ ದೂರುಗಳು ಬಲು ಕಡಿಮೆಯೆಂದೂ, ಆ ಪ್ರಾಯವು ಪರದೆಯಿಂದ ಬಿಡುಗಡೆಯನ್ನು ತರುವುದರಿಂದ ಅದು ಅವರಿಗೆ ಬಹುಮಾನದಂತೆ ಇತ್ತೆಂದೂ ಹೇಳಿದರು. ಮಾರ್ಗರೆಟ್ ಲಾಕ್ ಅವರ ೧೯೯೩ರ ಗ್ರಂಥವು ಜಪಾನಿನ ಹೆಂಗಸರಲ್ಲಿ ಹೆಗಲುಬಿಗಿತದಂಥ ದೂರುಗಳೇ ಹೆಚ್ಚೆಂದೂ, ಈ ಕಾವಿಗೆ ಮಾತ್ರವೇ ಸಲ್ಲುವ ಒಂದು ಶಬ್ದ ಆ ಭಾಷೆಯಲ್ಲಿರಲಿಲ್ಲವೆಂದೂ ತೋರಿಸಿತು. ಯೂಬ್ದಾರ್ ಬೆಯೆನೆ ಅವರು ೧೯೮೯ರಲ್ಲಿ ಹೋಲಿಸಿದ ಎರಡು ಕೃಷಿಕ ಸಮಾಜಗಳಲ್ಲಿ ಗ್ರೀಸಿನ ಹೆಂಗಸರು ಕಾವನ್ನು ಬಲ್ಲವರಾಗಿದ್ದರು. ಮೆಕ್ಸಿಕೋದ ಮಾಯಾ ಹೆಂಗಸರು ಅದನ್ನು ಹೇಳಲೇ ಇಲ್ಲ.

ನಮ್ಮಲ್ಲಿಯೂ ಮುಟ್ಟು ನಿಂತವಳಿಗೆ ದೊರೆಯುವ ಸಾಮಾಜಿಕ ಲಾಭ ಸಣ್ಣದಲ್ಲ. ದೂರ ಕೂರುವ ಕಟ್ಟಳೆ ತಪ್ಪುತ್ತದೆ. ದೇವರ ಕೋಣೆ, ಶ್ರಾದ್ಧದ ಅಡುಗೆ, ದೈವದ ಚಾವಡಿ ಇವುಗಳ ಬಾಗಿಲು ತೆರೆಯುತ್ತದೆ. ಹಿರಿಯಳೆಂಬ ಮಾತಿಗೆ ತೂಕ ಬರುತ್ತದೆ. ಭಾರತದ ಹಲವು ಸಮೀಕ್ಷೆಗಳಲ್ಲಿ ಈ ಪ್ರಾಯದ ಹೆಂಗಸರು ಕಾವಿಗಿಂತ ಸಂದುನೋವು, ಮೈಕೈನೋವುಗಳನ್ನು ಹೆಚ್ಚಾಗಿ ಹೇಳಿರುವುದೂ ನಿಜ. ಪಾಶ್ಚಾತ್ಯರ ಅನುಭವವೇ ಎಲ್ಲರ ಅನುಭವವೆಂದು ಕಣ್ಣುಮುಚ್ಚಿ ನಂಬುವುದು ಸಲ್ಲದು. ಮೇಲೆ ಹೇಳಿದ ೭.೪ ವರ್ಷಗಳ ಲೆಕ್ಕವನ್ನು ಕೊಟ್ಟ ಅಧ್ಯಯನದಲ್ಲಿ ಭಾರತೀಯ ಮೂಲದವರು ಪ್ರತ್ಯೇಕ ವರ್ಗವಾಗಿ ಇರಲೇ ಇಲ್ಲ.

ಆದರೂ ಈ ಆಕ್ಷೇಪವು ಪೂರ್ಣವಾಗಿ ನಿಲ್ಲುವುದಿಲ್ಲ. ಮುಂದೆ ಮಾಯಾ ಹೆಂಗಸರ ರಕ್ತಪರೀಕ್ಷೆ ಮಾಡಿದಾಗ ಅವರಲ್ಲಿಯೂ ರಸಗಳ ಬದಲಾವಣೆ ಇತರರಂತೆಯೇ ಕಂಡುಬಂತು. ಮೈ ಒಂದೇ, ಅದನ್ನು ಅನುಭವಿಸುವ ಮತ್ತು ನುಡಿಯುವ ಬಗೆ ಬೇರೆ. ದೂರು ಕಡಿಮೆಯ ಸಮೀಕ್ಷೆಗಳನ್ನು ಓದುವಾಗ ಭಾಷೆಯ ವಿದ್ಯಾರ್ಥಿಯು ಕೇಳಬೇಕಾದ ಪ್ರಶ್ನೆಯೊಂದಿದೆ: ಪ್ರಶ್ನೆಯನ್ನು ಯಾವ ಶಬ್ದದಿಂದ ಕೇಳಲಾಯಿತು? ತುಳು ಆಡುವ ಹೆಂಗಸಿಗೆ ಕನ್ನಡದಲ್ಲಿ, ಕನ್ನಡಕ್ಕೆ ಇಂಗ್ಲಿಷಿನಿಂದ ಬಂದ ಪ್ರಶ್ನಾವಳಿಯಲ್ಲಿ, ‘ಬಿಸಿ ಹೊಳಪು’ ಉಂಟೇ ಎಂದು ಕೇಳಿದರೆ ಬರುವ ‘ಇಲ್ಲ’ ಎಂಬ ಉತ್ತರಕ್ಕೆ ಬೆಲೆಯೆಷ್ಟು? ಬಿಡುಗಡೆ ನಿಜ, ಕಾವೂ ನಿಜ ಆಗಿರಬಾರದೆಂದು ನಿಯಮವೇನಿದೆ? ಗೌರವ ಸಿಗುವ ಪ್ರಾಯದಲ್ಲಿ ಬಾಧೆಯನ್ನು ಹೇಳಿಕೊಂಡರೆ ಗೌರವ ಕಡಿಮೆಯಾದೀತೆಂಬ ಸಂಕೋಚವೂ ಮೌನಕ್ಕೆ ಕಾರಣವಾಗಬಲ್ಲುದು. ಮೌನವನ್ನು ಆರೋಗ್ಯವೆಂದು ಎಣಿಸುವ ಮೊದಲು ಮಾತಿಗೆ ಒಂದು ಅವಕಾಶವನ್ನು ಕೊಡಬೇಕು.

ಈ ಅವಕಾಶಕ್ಕೆ ಇಂದು ವ್ಯಾವಹಾರಿಕವಾದ ಬೆಲೆಯೂ ಇದೆ. ಈಸ್ಟ್ರೊಜೆನ್ ಚಿಕಿತ್ಸೆಯ ಬಗ್ಗೆ ೨೦೦೨ರ ಅಮೆರಿಕದ ಅಧ್ಯಯನವೊಂದು ಎಬ್ಬಿಸಿದ ಅಂಜಿಕೆ ಅನಂತರದ ವಿಚಾರಣೆಯಲ್ಲಿ ಬಹಳಮಟ್ಟಿಗೆ ತಿಳಿಯಾಗಿ, ನಿವೃತ್ತಿಯಾದ ಹತ್ತು ವರ್ಷಗಳೊಳಗಿನ ಆರೋಗ್ಯವಂತರಲ್ಲಿ ತಕ್ಕ ಪರೀಕ್ಷೆಯೊಡನೆ ಅದನ್ನು ಕೊಡಬಹುದೆಂಬ ಅಭಿಪ್ರಾಯ ನೆಲೆಗೊಂಡಿದೆ. ಸ್ತನದ ಅರ್ಬುದ ಮೊದಲಾದ ಕಾರಣಗಳಿಂದ ಅದು ಸಲ್ಲದವರಿಗಾಗಿ, ನ್ಯೂರೋಕೈನಿನ್‌ನ ಹಾದಿಯನ್ನೇ ತಡೆಯುವ ಫೆಜೋಲಿನೆಟೆಂಟ್ ಎಂಬ ಮದ್ದಿಗೆ ಅಮೆರಿಕದಲ್ಲಿ ೨೦೨೩ರ ಮೇ ತಿಂಗಳಲ್ಲಿ ಒಪ್ಪಿಗೆ ದೊರೆತಿದ್ದು, ರಸಚಿಕಿತ್ಸೆಯಲ್ಲದ ದಾರಿಗಳೂ ತೆರೆಯುತ್ತಿವೆ. ಯಾವ ಮದ್ದು ಯಾರಿಗೆ ಎಂಬುದು ವೈದ್ಯರ ವಿಷಯ. ಆದರೆ ವೈದ್ಯರ ಎದುರು ಕುಳಿತವಳು ‘ಸೆಕೆ’ ಎಂದರೆ ಒಂದು ಉತ್ತರ, ‘ಜ್ವರ’ ಎಂದರೆ ಇನ್ನೊಂದು ಉತ್ತರ ಸಿಗುತ್ತದೆ; ತನ್ನ ಬಾಧೆಯನ್ನೇ ಹೇಳಿದರೆ ಮಾತ್ರ ಅದಕ್ಕೆ ತಕ್ಕ ಉತ್ತರ ಸಿಗುತ್ತದೆ.

೬

ಹಾಗಾದರೆ ಯಾವ ಶಬ್ದ? ಹೊಸ ಸಂಸ್ಕೃತ ಸಮಾಸವನ್ನು ಕಟ್ಟುವುದರಿಂದ ಪ್ರಯೋಜನವಿಲ್ಲ. ಅದು ರಜೋನಿವೃತ್ತಿಯಂತೆ ಪುಸ್ತಕದಲ್ಲಿಯೇ ಉಳಿದೀತು. ಇದ್ದ ಶಬ್ದಗಳಲ್ಲಿ ‘ಕಾವು’ ಒಳ್ಳೆಯದು. ಈ ಬರಹದ ಉದ್ದಕ್ಕೂ ನಾವು ಅದನ್ನೇ ಬಳಸಿದ್ದೇವೆ. ಅದು ಒಳಗಿನಿಂದ ಬರುವ ಶಾಖ. ಆದರೆ ಕೋಳಿ ಕಾವು ಕೂರುವಂತೆ, ಅದು ನಿಧಾನವಾಗಿ ಏರಿ ಬಹಳ ಹೊತ್ತು ನಿಲ್ಲುವ, ಜೀವವನ್ನು ಪೋಷಿಸುವ ಶಾಖವನ್ನು ನೆನಪಿಗೆ ತರುತ್ತದೆ. ‘ಝಳ’ವೆಂಬ ಮಾತಿನಲ್ಲಿ ಇದಕ್ಕಿಂತ ಹತ್ತಿರದ ಗುಣವಿದೆ. ಬಿಸಿಲಿನ ಝಳ, ಒಲೆಯ ಝಳ ಎನ್ನುವಲ್ಲಿ ಒಮ್ಮೆಲೇ ಬೀಸಿ ಮುಖಕ್ಕೆ ಹೊಡೆದು ಸರಿದುಹೋಗುವ ಶಾಖದ ಚಿತ್ರವುಂಟು. ಅದು ಸ್ಥಿತಿಯಲ್ಲ, ಘಟನೆ. ರೋಗದ ಹೆಸರಲ್ಲ, ಸ್ವಭಾವದ ದೂಷಣೆಯೂ ಅಲ್ಲ. ಝಳವು ಹೊರಗಿನದೆಂಬ ಒಂದೇ ತೊಡಕನ್ನು ‘ಮೈಝಳ’ ಎಂಬ ಸಮಾಸವು ನೀಗಿಸಬಹುದು. ‘ಮೈಝಳ ಬಂತು’, ‘ರಾತ್ರಿ ಎರಡು ಸಲ ಮೈಝಳ ಎದ್ದಿತು’ ಎಂದು ಒಬ್ಬ ಹೆಂಗಸು ಇನ್ನೊಬ್ಬಳಿಗೆ ಸಂಕೋಚವಿಲ್ಲದೆ ಹೇಳಬಲ್ಲಳೆಂದು ನಮ್ಮ ನಂಬಿಕೆ.

ಇದು ಸೂಚನೆಯೇ ಹೊರತು ತೀರ್ಪಲ್ಲ. ಶಬ್ದವನ್ನು ಒಪ್ಪುವ ಅಧಿಕಾರ ಅದನ್ನು ಆಡುವವರದು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶವು ಕನ್ನಡದ ಶಬ್ದಗಳನ್ನು ಕೂಡಿಟ್ಟ ಬಗೆಯನ್ನು ನೋಡಿದರೆ, ಪಂಡಿತರ ಕವಳಿಗೆಗಳಷ್ಟೇ ಆದರದಿಂದ ಮನೆಯ ಮಾತನ್ನೂ ಕಿವಿಗೊಟ್ಟು ಕೇಳಿದುದು ತಿಳಿಯುತ್ತದೆ. ಅಂಥ ಕೆಲಸ ಈ ವಿಷಯದಲ್ಲಿ ಇನ್ನೂ ಆಗಬೇಕಾಗಿದೆ. ತುಳು, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ ಇವು ಒಂದೇ ಪೇಟೆಯಲ್ಲಿ ಕೂಡಿ ಬಾಳುವ ಈ ತಾಲೂಕುಗಳಲ್ಲಿ, ಹಿರಿಯ ಹೆಂಗಸರು ತಮ್ಮತಮ್ಮಲ್ಲಿ ಈ ಅನುಭವವನ್ನು ಹೇಳಿಕೊಳ್ಳುವ ಮಾತುಗಳನ್ನು ನಮ್ಮ ವಿದ್ಯಾರ್ಥಿಗಳು, ಅದರಲ್ಲಿಯೂ ವಿದ್ಯಾರ್ಥಿನಿಯರು, ತಮ್ಮ ಮನೆಗಳಿಂದಲೇ ಆರಂಭಿಸಿ ಕೂಡಿಸಬಹುದು. ಹೀಗೆ ಕೇಳಲು ಕುಳಿತಾಗ ಮೈಝಳಕ್ಕಿಂತ ಉತ್ತಮವಾದ, ನಮಗೆ ಇದುವರೆಗೆ ಕೇಳಿಸದೆ ಉಳಿದ ಒಂದು ಮಾತು ಯಾವುದಾದರೂ ಅಡುಗೆಮನೆಯಲ್ಲಿ ದೊರೆತರೆ, ಈ ಬರಹದ ಸೂಚನೆಯನ್ನು ಕೈಬಿಟ್ಟು ಅದನ್ನೇ ಎತ್ತಿಕೊಳ್ಳತಕ್ಕದ್ದು.